ಬೋಣಿಗೆಗೆ ಮುಂಚೆ ಕೇಳಿದ ದರ

ಗಾಜು ಒರೆಸುವುದೂ ಒಂದು ಉದ್ಯೋಗವೇ ಎಂದು ಕೇಳುವವರು ನಮ್ಮ ಕಡೆ ಇನ್ನೂ ಇದ್ದಾರೆ. ಮದುವೆ ಊಟಕ್ಕೆ ಕೂತಾಗ ಪಕ್ಕದವರು "ಏನ್ ಮಾಡ್ಕೊಂಡಿರ್ತೀರಿ?" ಎನ್ನುತ್ತಾರೆ. "ಅಂಗಡಿ ಗಾಜು ಒರಸ್ತೀನ್ರಿ" ಎನ್ನುತ್ತೇನೆ. "ಅದು ಖರೇ, ಮತ್ತ ಉದ್ಯೋಗ ಏನ್ರಿ?" ಎಂದು ಮತ್ತೆ ಕೇಳುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ, ನಿಮ್ಮ ಮನೆಯ ಕಿಟಕಿ ಒರೆಸಿ ಎಷ್ಟು ವರ್ಷವಾಯಿತು ಎಂದು ತಿರುಗಿ ಕೇಳುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ, ಇಬ್ಬರೂ ಊಟ ಮಾಡುತ್ತೇವೆ.

ನನ್ನ ಊರು ಗಜೇಂದ್ರಗಡ. ವಾರದಲ್ಲಿ ನಾಲ್ಕು ದಿನ ಊರಲ್ಲೇ ಕೆಲಸ, ಒಂದು ದಿನ ರೋಣ, ಒಂದು ದಿನ ನರಗುಂದ. ಸ್ಕೂಟರಿನ ಬದಿಗೆ ಮಡಚುವ ಏಣಿ ಮತ್ತು ಉದ್ದನೆಯ ಕೋಲು, ಹಿಂದೆ ಬಕೆಟ್ಟು, ರಬ್ಬರ್ ಪಟ್ಟಿಯ ವೈಪರು, ಹಳೆಯ ಧೋತರದ ಬಟ್ಟೆಗಳು, ಮುಂದೆ ಕಾಲಿಡುವ ಜಾಗದಲ್ಲಿ ಇಪ್ಪತ್ತು ಲೀಟರಿನ ಕ್ಯಾನು. ಆ ಕ್ಯಾನಿನಲ್ಲಿರುವುದು ಕುಡಿಯುವ ಶುದ್ಧ ನೀರು, ನಾಣ್ಯ ಹಾಕಿ ತುಂಬಿಸಿಕೊಂಡದ್ದು. ಕುಡಿಯುವ ನೀರಿನಲ್ಲಿ ಗಾಜು ತೊಳೆಯುತ್ತಾನೆ, ಹುಚ್ಚ ಎಂದು ನಕ್ಕವರುಂಟು. ನಗಲಿ. ನಮ್ಮ ಕಡೆಯ ಬೋರಿನ ನೀರಿನಲ್ಲಿ ಗಾಜು ತೊಳೆದು ಬಿಟ್ಟರೆ ಒಣಗಿದ ಮೇಲೆ ಸುಣ್ಣದ ಚುಕ್ಕಿ ಏಳುತ್ತವೆ. ಅವು ಒಂದು ತಿಂಗಳು ಕೂತರೆ ಆಮೇಲೆ ನಿಂಬೆಹಣ್ಣಿಗೂ ಜಗ್ಗುವುದಿಲ್ಲ. ನರಗುಂದದ ಕಪ್ಪು ಎರೆ ಮಣ್ಣಿನ ಧೂಳು ಬೇರೆ, ನಮ್ಮೂರಿನ ಕೆಂಪು ಧೂಳು ಬೇರೆ. ಎರೆಯ ಧೂಳನ್ನು ಒಣಗಿದ್ದಾಗಲೇ ಜಾಡಿಸಬೇಕು, ನೀರು ಬಿದ್ದರೆ ಅಂಟಾಗುತ್ತದೆ. ಕೆಂಪಿಗೆ ಮೊದಲು ನೀರೇ ಬೇಕು. ಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗಿದ ಮರುದಿನ ನನಗೆ ಕೆಲಸ ಜಾಸ್ತಿ. ಇಷ್ಟೆಲ್ಲ ತಿಳಿದುಕೊಂಡು ಕೆಲಸ ಮಾಡುವವನು ಮೂರೂ ಊರಿಗೆ ನಾನೊಬ್ಬನೇ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಕೈಯಲ್ಲಿ ಇಷ್ಟು ವಿದ್ಯೆ ಇದ್ದವನಿಗೆ ಬಾಯಲ್ಲಿ ಮಾತ್ರ ದರ ಬರುತ್ತಿರಲಿಲ್ಲ. ನಮ್ಮದು ಹತ್ತಿ ಹಿಂಜುವ ಮನೆತನ. ಅಪ್ಪ ಊರೂರು ತಿರುಗಿ ಗಾದಿ ತುಂಬುತ್ತಿದ್ದ. ಕೆಲಸ ಮುಗಿದ ಮೇಲೆ ಮನೆಯವರು ಎಷ್ಟಾಯಿತು ಎಂದರೆ, "ನಿಮಗ ತಿಳದಷ್ಟು ಕೊಡ್ರಿ" ಎನ್ನುತ್ತಿದ್ದ. ಹಾಗೆನ್ನುವಾಗ ಅವನು ನನ್ನ ಕಣ್ಣಿಗೆ ಭಾರಿ ದೊಡ್ಡ ಮನುಷ್ಯನಾಗಿ ಕಾಣುತ್ತಿದ್ದ. ಹುಬ್ಬಳ್ಳಿಯಲ್ಲಿ ಗಾಜು ಕೂರಿಸುವವರ ಹತ್ತಿರ ಆರು ವರ್ಷ ದುಡಿದು ಊರಿಗೆ ಬಂದು ಸ್ವಂತ ಕೆಲಸ ಶುರು ಮಾಡಿದಾಗ ನಾನೂ ಅದನ್ನೇ ಅಂದೆ. ಅಂದದ್ದು ಯಾರಿಗೆ? ನಮ್ಮ ಪೇಟೆಯ ದೊಡ್ಡ ಸೀರೆ ಅಂಗಡಿಯ ಸಾಹುಕಾರರಿಗೆ. ಅವರು ಗಾಜಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ವಾರಕ್ಕ ನೂರೈವತ್ತು" ಎಂದರು. ಪೇಟೆಯ ಆ ಸಾಲಿನ ಅಂಗಡಿಗಳೆಲ್ಲ ಅದನ್ನು ಕೇಳಿಕೊಂಡು, ದೊಡ್ಡವರು ಅದೇ ನೂರೈವತ್ತು, ಸಣ್ಣವರು ಅದರ ಅರ್ಧ ಎಂದು ತಾವೇ ಗೊತ್ತುಮಾಡಿಕೊಂಡರು. ಹಾಗೆ ಗೊತ್ತಾದ ದರ ಎಂಟು ವರ್ಷ ನಡೆಯಿತು.

ಮೂರು ವರ್ಷದ ಹಿಂದೆ ಸಾಹುಕಾರರು ಅಂಗಡಿಯ ಮೇಲೆ ಮೂರನೆಯ ಅಂತಸ್ತು ಕಟ್ಟಿಸಿದರು. ಮದುವೆ ಜವಳಿಗೆಂದೇ ಬೇರೆ ಹಾಲ್, ರಸ್ತೆಯ ಕಡೆಗೆ ಈ ತುದಿಯಿಂದ ಆ ತುದಿಗೆ ಗಾಜು, ಒಳಗೆ ಸೀರೆ ಉಟ್ಟ ಗೊಂಬೆಗಳ ಸಾಲು. ಅದನ್ನು ಒರೆಸಬೇಕಾದರೆ ಹೊರಗಿನ ಮೆಟ್ಟಿಲಿನಿಂದ ಮಾಳಿಗೆಗೆ ಹತ್ತಿ, ಗಾಜಿನ ಕೆಳಗೆ ಚಾಚಿಕೊಂಡ ಸಜ್ಜಾಕ್ಕೆ ಇಳಿಯಬೇಕು, ಸೊಂಟಕ್ಕೆ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ಮಾಳಿಗೆಯ ಕಂಬಕ್ಕೆ ಬಿಗಿಯಬೇಕು. ಮೊದಲ ವಾರ ಅವರು ಏನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಎರಡನೆಯ ವಾರವೂ ಕಾದೆ. ಮೂರನೆಯ ವಾರ ಕಾಯುವುದೇ ಮರೆತುಹೋಯಿತು.

ಹಾಗೆಯೇ ಮೂರು ವರ್ಷ ಹೋಯಿತು. ನನ್ನ ಹೆಂಡತಿ ಒಂದು ಬೆಳಿಗ್ಗೆ ಪೇಟೆಗೆ ಬಂದವಳು ಕತ್ತೆತ್ತಿ ನೋಡಿಬಿಟ್ಟಳು. ಅಲ್ಲಿಯತನಕ ಅವಳಿಗೆ ಹಗ್ಗದ ಸುದ್ದಿ ನಾನು ಹೇಳಿರಲಿಲ್ಲ. ಮನೆಗೆ ಬಂದಾಗ ರೊಟ್ಟಿ ತಟ್ಟುತ್ತ ಕೂತಿದ್ದಳು, ತಟ್ಟುವ ಸಪ್ಪಳದಲ್ಲೇ ಸಿಟ್ಟು ಗೊತ್ತಾಯಿತು.

"ಮೂರನೇ ಅಂತಸ್ತಿಗೆ ಎಷ್ಟ ಕೊಡ್ತಾರ್ರಿ?"

"ಎಲ್ಲಾ ಕೂಡಿನ ನೂರೈವತ್ತು."

"ಅಂದ್ರ ಹಗ್ಗ ಕಟ್ಕೊಂಡು ಜೋತಾಡೂದು ಪುಕ್ಕಟೆ. ಹತ್ತೂದು ಮೂರನೇ ಅಂತಸ್ತು, ಇಸಗೊಳ್ಳೂದು ಕೆಳಗಿನ ಅಂತಸ್ತಿನ ರೊಕ್ಕ. ಏನ್ ದೊಡ್ಡ ಶಾಣ್ಯಾ ಅದೀರಿ ನೀವು!"

ಅವತ್ತು ಊಟದ ಮುಂದೆ ಕೂತೇ ದರ ಗೊತ್ತುಮಾಡಿದೆವು. ಸೀರೆ ಅಂಗಡಿಗೆ ಮುನ್ನೂರೈವತ್ತು, ಉಳಿದವರಿಗೆ ಅವರವರ ಗಾಜಿನ ಪ್ರಕಾರ. ಸೀರೆ ಅಂಗಡಿಯವರು ಒಪ್ಪಿದರೆ ಪೇಟೆಯೆಲ್ಲ ಒಪ್ಪಿದಂತೆ, ಅವರು ಒಲ್ಲೆ ಎಂದರೆ ಪೇಟೆಯೆಲ್ಲ ಒಲ್ಲೆ ಎನ್ನುತ್ತದೆ. ನನ್ನ ಗಳಿಕೆಯ ಬಹುಪಾಲು ಆ ಒಂದೇ ಸಾಲಿನಲ್ಲಿತ್ತು. ಅದು ತಪ್ಪಿದರೆ ಮತ್ತೆ ಹುಬ್ಬಳ್ಳಿಯ ಬಸ್ಸು ಹತ್ತಿ ಇನ್ನೊಬ್ಬರ ಕೈಕೆಳಗೆ ದುಡಿಯುವುದೇ ಉಳಿಯುತ್ತಿತ್ತು. ಅದಕ್ಕೆ ನಾನು ತಯಾರಿರಲಿಲ್ಲ.

ಬಾಯಿ ಪಳಗಲಿ ಎಂದು ಮೊದಲು ನರಗುಂದದಲ್ಲಿ ಕೇಳಿದೆ. ಅಲ್ಲೊಂದು ಖಾಸಗಿ ದವಾಖಾನೆ ಇದೆ, ಅದನ್ನು ನಡೆಸುವ ಡಾಕ್ಟರಬಾಯಿಯವರ ಕೋಣೆಯ ಕಿಟಕಿಗಳನ್ನು ಐದು ವರ್ಷದಿಂದ ಒರೆಸುತ್ತಿದ್ದೆ. ಅವತ್ತು ಕಿಟಕಿ ಒರೆಸಿ ಮುಗಿಸಿ ಅವರ ಎದುರಿಗೆ ನಿಂತೆ. ದಾರಿಯುದ್ದಕ್ಕೂ, ಜಕ್ಕಲಿ ದಾಟುವಾಗ ಒಮ್ಮೆ, ರೋಣ ದಾಟುವಾಗ ಒಮ್ಮೆ, ಸ್ಕೂಟರಿನ ಮೇಲೆ ಗಟ್ಟಿಯಾಗಿ ಹೇಳಿಕೊಂಡು ಹೋಗಿದ್ದ ಮಾತು ಅದು. ಆದರೂ ಬಕೆಟ್ಟನ್ನು ಎರಡು ಸಲ ಆ ಕೈಯಿಂದ ಈ ಕೈಗೆ ಬದಲಿಸಿಕೊಂಡೆ.

"ಬಾಯಾರ, ಬರೂ ತಿಂಗಳದಿಂದ ದರ ಸ್ವಲ್ಪ ಹೆಚ್ಚ ಮಾಡೀನ್ರಿ. ಇಷ್ಟಾಗತೈತಿ" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಆಗ್ಲಿ. ನೀವು ಇಷ್ಟು ವರ್ಷ ಹ್ಯಾಂಗ ಸುಮ್ನಿದ್ರಿ ಅಂತ ನನಗ ಆಶ್ಚರ್ಯ. ನಾ ನನ್ನ ಫೀಸು ಎರಡ ಸಲ ಹೆಚ್ಚ ಮಾಡೀನಿ" ಎಂದು ಮುಂದಿನ ಪೇಷಂಟನ್ನು ಕರೆದರು.

ಅಷ್ಟೇ. ಐದು ವರ್ಷ ಹೆದರಿದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ರೋಣದಲ್ಲಿ ಬೇಕರಿಯವರು ಸ್ವಲ್ಪ ಎಳೆದಾಡಿದರು, ಇಪ್ಪತ್ತು ರೂಪಾಯಿ ಬಿಟ್ಟೆ, ಒಂದು ಪೊಟ್ಟಣ ಖಾರಾ ಕೊಟ್ಟು ಅವರೂ ಒಪ್ಪಿದರು. ಊರಿಗೆ ವಾಪಸು ಬರುವಾಗ ಎದೆ ಉಬ್ಬಿಸಿಕೊಂಡೇ ಬಂದೆ. ಆ ಉಬ್ಬಿದ ಎದೆಯಲ್ಲೇ ಮರುದಿನ ಬೆಳಿಗ್ಗೆ ಸೀರೆ ಅಂಗಡಿಗೆ ಹೋಗಿ ಘಾತ ಮಾಡಿಕೊಂಡೆ.

ಬೋಣಿಗೆ ಎಂದರೆ ದಿನದ ಮೊದಲ ವ್ಯಾಪಾರ. ಅದು ಆಗುವತನಕ ನಮ್ಮ ಪೇಟೆಯಲ್ಲಿ ಅಂಗಡಿಯಿಂದ ರೊಕ್ಕ ಹೊರಗೆ ಹೋಗುವುದಿಲ್ಲ. ಹೋಗುವ ಮಾತನ್ನೂ ಯಾರೂ ಎತ್ತುವುದಿಲ್ಲ. ಹಾಲಿನವನೂ ಪೇಪರಿನವನೂ ಸುಮ್ಮನೆ ಬಂದು ಹೋಗುತ್ತಾರೆ, ಕೇಳುವುದು ಸಂಜೆಗೆ. ನಾನು ಕೆಲಸ ಮಾಡುವುದೇ ಬೋಣಿಗೆಗೆ ಮುಂಚೆ. ಬಿಸಿಲು ಗಾಜಿಗೆ ಬಿದ್ದರೆ ಸೋಪಿನ ನೀರು ಅಲ್ಲೇ ಒಣಗಿ ಪಟ್ಟೆ ಮೂಡುತ್ತದೆ, ಅದಕ್ಕೆ ಆರಕ್ಕೆ ಹತ್ತಿ ಒಂಬತ್ತಕ್ಕೆ ಇಳಿಯುತ್ತೇನೆ. ಎಂಟು ವರ್ಷ ಒಮ್ಮೆಯೂ ಆ ಹೊತ್ತಿನಲ್ಲಿ ರೊಕ್ಕದ ಮಾತು ಆಡಿರಲಿಲ್ಲ. ಶನಿವಾರ ಸಂಜೆ ಬಂದು ಇಸಿದುಕೊಳ್ಳುತ್ತಿದ್ದೆ.

ಅವತ್ತು ಇಳಿದಾಗ ಸಾಹುಕಾರರು ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗುತ್ತಿದ್ದರು. ಅರವತ್ತು ದಾಟಿದ ದೊಡ್ಡ ಮೈಯ ಮನುಷ್ಯ, ಹಣೆಯ ತುಂಬ ವಿಭೂತಿ. ಹೊಗೆ ಇನ್ನೂ ಆಡುತ್ತಿತ್ತು. ಡಾಕ್ಟರಬಾಯಿಯವರ ಮುಂದೆ ಹೇಳಿದ ಮಾತೇ ಬಾಯಲ್ಲಿ ತಯಾರಿತ್ತು, ಆಡಿಯೇಬಿಟ್ಟೆ.

"ಸಾವ್ಕಾರ್ರ, ಬರೂ ತಿಂಗಳದಿಂದ ಮುನ್ನೂರೈವತ್ತು ಕೊಡಬೇಕಾಗತೈತ್ರಿ."

ಅವರ ಕೈ ಅಲ್ಲೇ ನಿಂತಿತು. ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದ ಮೂವರು ಹೆಣ್ಣುಮಕ್ಕಳ ಕೈಯೂ ನಿಂತಿತು.

"ಬೋಣಿಗಿ ಆಗಿಲ್ಲೋ ಇನ್ನೂ!" ಎಂದರು ಸಾಹುಕಾರರು. ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. "ಊದಿನಕಡ್ಡಿ ಕೈಯಾಗೈತಿ, ಲಕ್ಷ್ಮೀ ಮುಂದ ನಿಂತು ರೊಕ್ಕ ಕೊಡು ಅಂತೀಯಲ್ಲ! ಹೊರಗ ನಡಿ!"

ನಡೆದೆ. ತಪ್ಪು ಪೂರ್ತಿ ನನ್ನದು. ವ್ಯಾಪಾರಸ್ಥರ ನಡುವೆ ಬೆಳೆದವನಿಗೆ ಇದು ತಿಳಿಯಲಿಲ್ಲವೆಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಸಂಜೆ ಹೋಗಿ ಕ್ಷಮೆ ಕೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಹನ್ನೊಂದರ ಸುಮಾರಿಗೆ ಲಕ್ಕಲಕಟ್ಟಿಯಿಂದ ಒಂದು ಟೆಂಪೋ ತುಂಬ ಬೀಗರು ಮದುವೆ ಜವಳಿಗೆ ಬಂದರಂತೆ. ಸಾಹುಕಾರರ ಅಂಗಡಿಯ ಮೆಟ್ಟಿಲು ಹತ್ತಿ, ಒಂದು ಸುತ್ತು ನೋಡಿ, ಇಳಿದು, ಎದುರಿನ ಅಂಗಡಿಗೆ ಹೋಗಿ ಇಪ್ಪತ್ತೆಂಟು ಸೀರೆ ತೆಗೆದರಂತೆ. ಸಂಜೆ ನಾನು ಮುಖ ತೋರಿಸುವ ಹೊತ್ತಿಗೆ ಆ ಇಪ್ಪತ್ತೆಂಟೂ ಸೀರೆ ನನ್ನ ಬಾಯಿಯಿಂದಲೇ ಹೋದವೆಂದು ಪೇಟೆಯೆಲ್ಲ ಸುದ್ದಿಯಾಗಿತ್ತು. ಸಾಹುಕಾರರು ಆ ವಾರದ ನೂರೈವತ್ತು ಕೊಟ್ಟು, "ಇನ್ನ ನಾವ ಒರಸ್ಕೋತೀವಿ" ಎಂದರು. ನನ್ನ ಮುಖ ನೋಡಲಿಲ್ಲ.

ಸಾಲಿನ ಉಳಿದವರು ಜಾಣರು. ಬೇಡ ಎಂದು ಯಾರೂ ಹೇಳಲಿಲ್ಲ. "ಸಾವ್ಕಾರ್ರು ಏನಂತಾರ ನೋಡೂಣು. ಅಲ್ಲೀತನಕಾ ಬಿಡ್ರಿ" ಎಂದರು. ಚಪ್ಪಲಿ ಅಂಗಡಿ, ಮೊಬೈಲ್ ಅಂಗಡಿ, ಬಂಗಾರದ ಅಂಗಡಿ, ಎಲ್ಲರದೂ ಅದೇ ಮಾತು. ಒಂದು ವಾರದಲ್ಲಿ ಊರೊಳಗಿನ ನನ್ನ ನಾಲ್ಕು ದಿನದ ಕೆಲಸ ಒಂದೂವರೆ ದಿನಕ್ಕೆ ಬಂತು.

ಸೀರೆ ಅಂಗಡಿಯ ಹೆಣ್ಣುಮಕ್ಕಳ ಕೈಗೆ ಬೋರಿನ ನೀರು, ಹಳೆ ಪೇಪರು ಕೊಟ್ಟಿದ್ದರು. ಪಾಪ, ಅವರು ಸೀರೆ ಮಡಚಲು ಬಂದವರು. ಮೊದಲ ವಾರ ಪಟ್ಟೆ ಮೂಡಿದವು, ಎರಡನೆಯ ವಾರ ಚುಕ್ಕಿ ಎದ್ದವು. ಮೂರನೆಯ ಅಂತಸ್ತಿಗೆ ಯಾರೂ ಇಳಿಯಲಿಲ್ಲ, ಅಲ್ಲಿನ ಗಾಜು ಕೆಂಪಗಾಗಿ ಒಳಗಿನ ಗೊಂಬೆಗಳು ಕಾಣದಾದವು. ಕೆಲಸ ಹೋದದ್ದಕ್ಕಿಂತ ಆ ಗಾಜು ನೋಡುವುದೇ ನನಗೆ ಹೆಚ್ಚು ಸಂಕಟವಾಯಿತು. ಒಂದು ದಿನ ಬೆಳಿಗ್ಗೆ ಯಾರೂ ಇಲ್ಲದಾಗ ಹೋಗಿ ಕೆಳಗಿನದನ್ನಾದರೂ ಒರೆಸಿ ಬರೋಣ ಎಂದು ಕ್ಯಾನು ತುಂಬಿಸಿಕೊಂಡೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಕೈ ಕಡಿಯಾಕತ್ತಿದ್ರ ನಮ್ಮ ಮನಿ ಕಿಟಕಿ ಒರಸ್ರಿ. ಎಂಟು ವರ್ಷದಾಗ ಒಮ್ಮೆಯೂ ಒರಸಿಲ್ಲ."

ಅದು ನಿಜವಾಗಿತ್ತು. ನಮ್ಮ ಮನೆಯ ಎರಡು ಕಿಟಕಿಗಳನ್ನು ಒರೆಸಿದೆ. ಒರೆಸುತ್ತ ಯೋಚನೆ ಮಾಡಿದೆ. ಸಾಹುಕಾರರು ದರಕ್ಕೆ ಆಗದು ಎಂದಿರಲೇ ಇಲ್ಲ. ಅವರು ಹೇಳಿದ್ದು ಬೋಣಿಗೆ ಆಗಿಲ್ಲ ಎಂದು ಮಾತ್ರ. ಹಾಗಾದರೆ ಅವರಿಗೆ ಒಂದು ಬೋಣಿಗೆ ಕೊಡಬೇಕಾದವನು ನಾನೇ. ಒಂದು ದಿನದ ಬೋಣಿಗೆ ಕೆಡಿಸಿದವನು ಒಂದು ದಿನದ ಬೋಣಿಗೆ ಮಾಡಿಕೊಟ್ಟರೆ ಮಾತಾಡುವ ಹಕ್ಕು ವಾಪಸು ಬರುತ್ತದೆ. ಇದನ್ನು ಹೆಂಡತಿಗೆ ಹೇಳಿದೆ.

"ಸೀರಿ ನನಗಽ ಅಲ್ಲ?" ಎಂದಳು.

"ನಿನಗಽ. ಆದ್ರ ಒಂದ ಮಾತು. ಚೌಕಾಶಿ ಮಾಡಬಾರ್ದು."

ಅವಳ ಮುಖ ಸಣ್ಣದಾಯಿತು. ನರೇಗಲ್ಲಿನ ಸಂತೆಯಲ್ಲಿ ಇವಳು ಮೆಣಸಿನಕಾಯಿ ಕೊಳ್ಳಲು ನಿಂತರೆ ಮಾರುವವರೇ ಬುಟ್ಟಿ ಮುಚ್ಚಿಕೊಳ್ಳುತ್ತಾರೆ, ಅಂಥ ಬಾಯಿ. ಅದರಲ್ಲೂ ಬೋಣಿಗೆಯ ಗಿರಾಕಿಯನ್ನು ಅಂಗಡಿಯವರು ಬರಿಗೈಲಿ ಕಳಿಸುವುದಿಲ್ಲ, ಕೇಳಿದಷ್ಟಕ್ಕೆ ಬಿಡುತ್ತಾರೆ. ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಇರುವುದೆಂದರೆ ಅವಳಿಗೆ ನಾನು ಹಗ್ಗ ಕಟ್ಟಿಕೊಂಡು ಇಳಿಯುವುದಕ್ಕಿಂತ ಕಷ್ಟದ ಕೆಲಸ. ಆದರೂ ಒಪ್ಪಿದಳು.

ಮರುದಿನ ಅಂಗಡಿಯ ಷಟರ್ ಏಳುವ ಹೊತ್ತಿಗೆ ಇಬ್ಬರೂ ಮೆಟ್ಟಿಲ ಹತ್ತಿರ ನಿಂತಿದ್ದೆವು. ಊದಿನಕಡ್ಡಿ ಬೆಳಗುವುದು ಮುಗಿಯುವತನಕ ಹೊರಗೇ ನಿಂತು ಆಮೇಲೆ ಒಳಗೆ ಹೋದೆವು. ಸಾಹುಕಾರರು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು, ಪಕ್ಕದಲ್ಲಿ ಹೆಂಡತಿಯನ್ನು ನೋಡಿ ಸಡಿಲಿಸಿದರು. ಮೊದಲ ಗಿರಾಕಿಯನ್ನು ಹೊರಗೆ ನಡಿ ಎನ್ನುವ ವ್ಯಾಪಾರಿ ನಮ್ಮ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ.

"ಬರ್ರೀ ತಂಗೀ, ಕುಂದರ್ರಿ" ಎಂದರು.

ಅವಳು ಕೂತು ಹನ್ನೆರಡು ಸೀರೆ ಬಿಚ್ಚಿಸಿದಳು. ಅದಕ್ಕೆ ನಾನು ಅಡ್ಡಿ ಹೇಳಿರಲಿಲ್ಲ. ಕೊನೆಗೆ ಹಸಿರು ಮೈಗೆ ಕೆಂಪು ದಡಿಯ ಒಂದನ್ನು ಆರಿಸಿದಳು. ಸಾವಿರದ ಮುನ್ನೂರು ಎಂದರು. ಅವಳು ಬಾಯಿ ತೆರೆದಳು, ನನ್ನ ಕಡೆ ನೋಡಿದಳು, ಮುಚ್ಚಿಕೊಂಡಳು. ಬೋಣಿಗೆ ನಗದೇ ಆಗಬೇಕು, ಸ್ಕ್ಯಾನರಿನಲ್ಲಿ ಅಲ್ಲ, ಅದನ್ನೂ ತಿಳಿದೇ ತಂದಿದ್ದೆ. ನೋಟುಗಳನ್ನು ಎಣಿಸಿ ಸಾಹುಕಾರರ ಕೈಗೆ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರು. ಮುಚ್ಚಳ ಬಿದ್ದ ಮೇಲೆ ಮಾತಾಡಿದೆ.

"ಬೋಣಿಗಿ ಆತ್ರಿ, ಸಾವ್ಕಾರ್ರ. ನಿಮ್ಮ ಮಾಲಿನ ದರ ನೀವು ಹೇಳಿದ್ರಿ, ನಾವು ಒಂದ ಮಾತ ಆಡ್ಲಿಲ್ಲ. ನನ್ನ ಕೆಲಸದ ದರ ನಾ ಹೇಳ್ತೀನಿ. ವಾರಕ್ಕ ಮುನ್ನೂರೈವತ್ತು. ಅವತ್ತು ಹೊತ್ತು ತಪ್ಪಿ ಕೇಳೀನಿ, ಅದು ನನ್ನ ತಪ್ಪು. ದರ ತಪ್ಪಲ್ಲ."

ಸೀರೆ ಮಡಚುವವರ ಕೈ ಮತ್ತೆ ನಿಂತಿತು. ಸಾಹುಕಾರರು ನನ್ನನ್ನು ನೋಡಿದರು, ಹೊರಗೆ ಚುಕ್ಕಿ ಬಿದ್ದ ಗಾಜು ನೋಡಿದರು, ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು.

"ಲಕ್ಕಲಕಟ್ಟಿ ಬೀಗರು ನಿನ್ನ ಬಾಯಿಂದ ಹೋಗಿಲ್ಲ ಅಂತ ನನಗೂ ಗೊತ್ತೈತಿ ತಮ್ಮಾ. ಎದುರಿನವ ಎರಡ ಸೀರಿ ಪುಕ್ಕಟೆ ಕೊಟ್ಟಾನ. ಆದ್ರ ಅವತ್ತಿನ ಸಿಟ್ಟು ಯಾರ ಮ್ಯಾಲರ ಹಾಕಬೇಕಲ್ಲ. ಆತು, ಮುನ್ನೂರೈವತ್ತು. ನಾಳಿಂದ ಬಾ."

ಮೈ ಹಗುರಾಯಿತು. ಕೈಮುಗಿದು ಏಳಬೇಕು ಎನ್ನುವಷ್ಟರಲ್ಲಿ ಅವರು ಗಲ್ಲಾದ ಮೇಲೆ ಮೊಣಕೈ ಊರಿ ಮುಂದೆ ಬಾಗಿದರು.

"ಒಂದ ಮಾತ ಹೇಳ್ಲೇನು? ಮ್ಯಾಲಿನ ಅಂತಸ್ತು ಕಟ್ಟಿಸಿದ ವರ್ಷ ನೀ ಬಂದು ಐದನೂರು ಕೇಳ್ತೀ ಅಂತ ತಿಳದಿದ್ದೆ. ಮನಿಯಾಗ ಹೇಳಿಯೂ ಇದ್ದೆ, ಅವ ಐದನೂರು ಕೇಳ್ತಾನ, ಕೊಟ್ಟಬಿಡೂದು ಅಂತ. ನೀ ಕೇಳ್ಲೇ ಇಲ್ಲ."

"ನೀವಾದ್ರೂ ಹೇಳಬಾರ್ದಾಗಿತ್ತೇನ್ರಿ?" ನನಗೆ ತಿಳಿಯದೆ ದನಿ ಏರಿತು.

"ನಾ ವ್ಯಾಪಾರಸ್ಥ. ಗಿರಾಕಿ ಕಡಿಮಿ ಕೇಳಿದ್ರ ನಾ ಹೆಚ್ಚ ಕೊಡ್ತೀನಂತ ಹೇಳ್ತೀನೇನು? ನಿನ್ನ ಬಾಯಿ ನಿನ್ನ ಹತ್ರ ಇತ್ತಲ್ಲ."

ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ. ಸೀರೆಯ ಚೀಲ ಹಿಡಿದು ಮೆಟ್ಟಿಲಿಳಿದೆವು. ಮನೆಯ ಓಣಿಗೆ ತಿರುಗುವಾಗ ಹೆಂಡತಿ "ಮೂರು ವರ್ಷ" ಎಂದಳು. ಬೈಯಲಿಲ್ಲ, ನಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಆರಕ್ಕೆ ಹಗ್ಗ ಕಟ್ಟಿಕೊಂಡು ಮೂರನೆಯ ಅಂತಸ್ತಿನ ಸಜ್ಜಾಕ್ಕೆ ಇಳಿದೆ. ಗಾಜಿನ ಕೆಂಪು ಇಳಿಯಲು ಎರಡು ಕ್ಯಾನು ನೀರು ಹಿಡಿಯಿತು. ಮೊದಲ ಸಲ ವೈಪರು ಎಳೆದಾಗ ಒಳಗಿನ ಗೊಂಬೆಯ ಮುಖ ಕಂಡಿತು. ನನಗೆ ಬಂದ ಸಿಟ್ಟು ಸಾಹುಕಾರರ ಮೇಲಿನದಾಗಿರಲಿಲ್ಲ. ಇಷ್ಟು ವರ್ಷ ನಾನು ಪೇಟೆಯನ್ನು ಒಳಗೊಳಗೇ ಬೈದುಕೊಂಡಿದ್ದೆ. ಇವರಿಗೆ ನನ್ನ ಕೆಲಸದ ಬೆಲೆ ತಿಳಿಯುವುದಿಲ್ಲ, ಜೀವಕ್ಕೆ ಹಗ್ಗ ಕಟ್ಟಿಕೊಂಡು ದುಡಿದರೂ ಕಣ್ಣಿಗೆ ಬೀಳುವುದಿಲ್ಲ ಎಂದು. ಬೆಲೆ ಅವರಿಗೆ ತಿಳಿದಿತ್ತು. ಐದನೂರು ಎಂದು ಲೆಕ್ಕ ಹಾಕಿಟ್ಟುಕೊಂಡು, ಮನೆಯಲ್ಲಿ ಹೇಳಿಟ್ಟುಕೊಂಡು ಕಾದಿದ್ದರು. ತಿಳಿಯದವನು ನಾನೊಬ್ಬನೇ.

ಒಂಬತ್ತಕ್ಕೆ ಇಳಿದು ಹಗ್ಗ ಸುತ್ತಿದೆ. ಅದೇ ಸಾಲಿನಲ್ಲಿ ಚಪ್ಪಲಿ ಅಂಗಡಿಯವರು ಆಗಷ್ಟೇ ಷಟರ್ ಎತ್ತಿದ್ದರು. ನಾನು ಹೋಗಿ ಅವರ ಕಟ್ಟೆಯ ಮೇಲೆ ಕೂತೆ. ಅಲ್ಲಿಂದಲೇ ಅವರ ಗಾಜನ್ನು ಉದ್ದ, ಅಗಲ, ಮೇಲಿನ ಬೋರ್ಡಿನ ತನಕ ಕಣ್ಣಲ್ಲೇ ಅಳೆದೆ. ಅಲ್ಲಿಯತನಕ ಅವರು ಕೊಡುತ್ತಿದ್ದದ್ದು ಎಪ್ಪತ್ತೈದು, ನೂರೈವತ್ತು ಕೇಳಬೇಕೆಂದು ಬಂದಿದ್ದೆ. ಅಳೆದ ಮೇಲೆ ಇನ್ನೂರು ಸರಿ ಎನಿಸಿತು.

"ಏನ್ರಿ, ಸಾವ್ಕಾರ್ರು ಒಪ್ಪಿದ್ರಂತಲ್ಲ! ಎಷ್ಟಕ್ಕ?" ಎಂದು ಚಪ್ಪಲಿ ಅಂಗಡಿಯವರು ಒಳಗಿನಿಂದಲೇ ಕೇಳಿದರು.

"ಹೇಳ್ತೀನ್ರಿ. ನಿಮ್ಮ ಗಿರಾಕಿ ಬರ್ಲಿ" ಎಂದೆ.

ಅರ್ಧ ತಾಸು ಕಳೆಯಿತು. ಒಬ್ಬ ಹೆಣ್ಣುಮಗಳು ಬಂದು ನಾಲ್ಕು ಜೋಡು ಹಾಕಿ ನೋಡಿ, ಐದನೆಯದನ್ನು ಕೊಂಡು, ರೊಕ್ಕ ಕೊಟ್ಟು ಹೋದಳು. ನಾನು ಎದ್ದು ಒಳಗೆ ಹೋದೆ.